ಮೂಡಲ ಗುಂಡಿ, ಪಡುವಲ ಗುಂಡಿ

ಶುಕ್ರವಾರ ಕೊರಟಗೆರೆಯಿಂದ ಗೊರವನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಅಮ್ಮ ಪಕ್ಕದ ಸೀಟಿನವರಿಗೆ ಈ ಕಥೆ ಹೇಳುವುದನ್ನು ನಾನೇ ಎರಡು ಸಲ ಕೇಳಿದ್ದೇನೆ. ಅವಳ ಪ್ರಕಾರ ನಡೆದದ್ದು ಇಷ್ಟು. ಮಗಳು ಹಳೇ ಕಾಸು ಹುಡುಕುವ ಮಿಷಿನ್ನು ತಗೊಂಡು ಅತ್ತೆಯ ಹೊಲಕ್ಕೆ ಹೋದಳು. ಬಾಂದು ಕಲ್ಲಿನ ಬುಡದಲ್ಲಿ ಹಿಂದಿನವರು ಹೂತಿಟ್ಟ ಕಾಸು ಸಿಕ್ಕಿತು. ಸರ್ವೇಯರ್ ಬಂದು ಕೇಳಿದಾಗ, ಸ್ವಂತ ಅತ್ತೆಗೆ ನಷ್ಟವಾದರೂ ಸರಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ‘ಆ ಕಾಸೇ ಸಾಕ್ಷಿ ಹೇಳ್ತು ಕಣ್ರೀ’ ಎಂದು ಮುಗಿಸುತ್ತಾಳೆ. ಪಕ್ಕದ ಸೀಟಿನವರು ನನ್ನ ಕಡೆ ತಿರುಗಿ ಕೈ ಮುಗಿಯುವುದೊಂದು ಬಾಕಿ.

ನನ್ನ ತಕರಾರು ಇಲ್ಲಿಂದ ಶುರು. ತಾಮ್ರದ ತುಂಡು ಬಾಯಿ ಬಿಟ್ಟದ್ದನ್ನು ಯಾರೂ ಕಂಡಿಲ್ಲ. ಅಂಥ ಕಾಸಿಗೆ ಏನಾದರೂ ಹೇಳುವುದಕ್ಕಿದ್ದರೆ ಅದು ಸಿಕ್ಕಿದ ಜಾಗದಿಂದ ಮಾತ್ರ ಹೇಳೀತು. ಜಾಗ ಬಿಟ್ಟು ಮೇಲೆ ಬಂದರೆ ಅದು ಬರೀ ಕಾಸು. ಆ ಜಾಗವನ್ನು ನಾನೂ ನನ್ನ ಗೆಳತಿಯೂ ನಮ್ಮ ಕೈಯಾರೆ ಮುಚ್ಚಿ, ಮೇಲೆ ನಿಂತು ತುಳಿದಿದ್ದೆವು. ಆದ್ದರಿಂದ ಸರ್ವೇಯರ್ ಬಂದ ಆ ಸೋಮವಾರ ಹೇಳಿದ್ದು ಕಾಸಲ್ಲ, ನಾನು. ಅದು ನಿಜವೇ ಎಂದು ಯಾರಾದರೂ ತಿರುಗಿ ಕೇಳಿದ್ದರೆ ಚೆನ್ನಾಗಿತ್ತು. ಸ್ವಂತದವರಿಗೆ ವಿರುದ್ಧವಾಗಿ ಆಡಿದ ಮಾತು ನಿಜವಾಗಿಯೇ ಇರಬೇಕು ಎಂದು ಜನ ಅಷ್ಟು ಸಲೀಸಾಗಿ ಹೇಗೆ ನಂಬಿಬಿಡುತ್ತಾರೋ, ನನಗೆ ಇವತ್ತಿಗೂ ತಿಳಿದಿಲ್ಲ.

ಕಾನೂನು ಓದುತ್ತಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ನನ್ನ ಜೋಡಿಯಾಗಿದ್ದವಳು ಸಿರಾದ ಹುಡುಗಿ. ಅಭ್ಯಾಸಕ್ಕೆ ಕೂತರೆ ಒಬ್ಬರು ವಿಷಯದ ಪರ, ಒಬ್ಬರು ವಿರುದ್ಧ. ಅರ್ಧ ಗಂಟೆಯಾದ ಮೇಲೆ ಅದಲು ಬದಲು. ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತೇವೆ ಎನ್ನುವುದು ನಮ್ಮಿಬ್ಬರ ಹೆಮ್ಮೆ. ಅದರಲ್ಲಿ ಅಪಾಯವೇನಾದರೂ ಇದೆ ಎಂದು ಆಗ ಹೊಳೆದಿರಲಿಲ್ಲ.

ಅವಳ ಮಾಮು ಪಾವಗಡದ ಕಡೆ ಕ್ಯಾತಗಾನಚೆರ್ಲುವಿನಲ್ಲಿ ಸೋಲಾರ್ ಜಮೀನುಗಳಿಗೆ ಬೇಲಿ ಹಾಕಿಸುವ ಕೆಲಸ ಹಿಡಿದಿದ್ದರು. ಮಣ್ಣಿನಲ್ಲಿ ಕಳೆದುಹೋದ ಬೋಲ್ಟು, ತುಂಡು ಕೇಬಲ್ಲು ಹುಡುಕಲಿಕ್ಕೆಂದು ಒಂದು ಮೆಟಲ್ ಡಿಟೆಕ್ಟರ್ ತರಿಸಿದ್ದರು. ಕೆಲಸ ಮುಗಿದ ಮೇಲೆ ಅದು ಸಿರಾದ ಮನೆಯ ಅಟ್ಟ ಸೇರಿತ್ತು. ಉದ್ದನೆಯ ಕೋಲು, ತುದಿಗೆ ಊಟದ ತಟ್ಟೆಯಂಥ ಚಕ್ರ, ಹಿಡಿಯ ಹತ್ತಿರ ಮುಳ್ಳು ಓಲಾಡುವ ಪುಟ್ಟ ಪೆಟ್ಟಿಗೆ. ಚಕ್ರದ ಕೆಳಗೆ ಲೋಹವೇನಾದರೂ ಇದ್ದರೆ ಕುಯ್ ಎನ್ನುತ್ತಿತ್ತು. ಅವಳ ದಾದಾನ, ಅಂದರೆ ಅಪ್ಪನ ಅಪ್ಪನ, ಹಳೇ ಹಿತ್ತಾಳೆ ಅಂಗಡಿಗೆ ಗುಜರಿಯ ಜೊತೆಗೆ ಹೊಲದಲ್ಲಿ ಸಿಕ್ಕಿದ ಕಾಸುಗಳೂ ಬರುತ್ತಿದ್ದವು. ಅವನ್ನು ನೋಡಿ ನೋಡಿ ಅವಳಿಗೆ ಹುಚ್ಚು ಹಿಡಿದಿತ್ತು. ‘ಒಂದು ಶನಿವಾರ, ಒಂದು ಭಾನುವಾರ ಕೊಡು, ನಾವೇ ಹುಡುಕೋಣ’ ಎಂದಳು.

ಎಲ್ಲಿ ಹುಡುಕುವುದು? ಮಧುಗಿರಿ ಕೋಟೆಯ ಸುತ್ತ ಹೋದರೆ ನೇರವಾಗಿ ಪೊಲೀಸ್ ಠಾಣೆ. ಗುಡಿ, ಗೋರಿ, ಕೆರೆ ಏರಿ ಯಾವುದಕ್ಕೂ ಕೈ ಹಾಕುವಂತಿಲ್ಲ. ಸ್ವಂತದವರ ಹೊಲವೇ ಆಗಬೇಕು. ಬಡವನಹಳ್ಳಿಯಿಂದ ಒಳಗೆ ನಮ್ಮ ಅತ್ತೆಯ ಹೊಲ ಇತ್ತು. ಕಡಲೇಕಾಯಿ ಕಿತ್ತು ಖಾಲಿಯಾಗಿತ್ತು.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಹೊಲ ಅವಳಿಗೆ ತಾತ ಕೊಟ್ಟದ್ದು. ಅದರ ಮೂಡಲ ಅಂಚಿನಲ್ಲಿ ಒಂದು ಹುಣಸೆ ಮರ. ಮರದ ಆಚೆಯ ಹೊಲದ ಯಜಮಾನರನ್ನು ಅತ್ತೆ ಒಂದು ಕಾಲಕ್ಕೆ ಅಣ್ಣ ಎನ್ನುತ್ತಿದ್ದಳಂತೆ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವರು ‘ಆವಯ್ಯ’ ಆಗಿದ್ದರು. ಎರಡೂ ಹೊಲಗಳ ನಡುವೆ ನೆಟ್ಟಿದ್ದ ಬಾಂದು ಕಲ್ಲು ಯಾವ ಕಾಲದಲ್ಲೋ ಮಾಯವಾಗಿತ್ತು. ಕಲ್ಲು ಮರದ ಮೂಡಲಿಗಿತ್ತು, ಮರ ನಮ್ಮದು, ಕಲ್ಲು ಕಿತ್ತವನು ಆವಯ್ಯನ ಅಪ್ಪ ಎಂದು ಅತ್ತೆ. ಕಲ್ಲು ಮರದ ಪಡುವಲಿಗಿತ್ತು, ಮರ ನಮ್ಮದು, ಕಿತ್ತವನು ನಿಮ್ಮಪ್ಪ ಎಂದು ಅವರು. ಹದ್ದುಬಸ್ತಿಗೆ ಅರ್ಜಿ ಹಾಕಿ ಎರಡು ಸಲ ಅಳೆಸಿಯೂ ಆಗಿತ್ತು. ಒಬ್ಬ ಸರ್ವೇಯರ್ ಒಂದು ಮೂಲೆಯಿಂದ ಅಳೆದು ಮರ ಅತ್ತೆಯದು ಎಂದ. ಇನ್ನೊಬ್ಬ ಇನ್ನೊಂದು ಮೂಲೆಯಿಂದ ಅಳೆದು ಆವಯ್ಯನದು ಎಂದ. ಮೂರನೆಯ ಅಳತೆ ಆ ಸೋಮವಾರವೇ ಇತ್ತು.

ಅತ್ತೆಗೆ ಹುಣಸೆಹಣ್ಣಿನ ಆಸೆಯಿತ್ತು ಎಂದರೆ ಅನ್ಯಾಯವಾದೀತು. ಅವಳ ಮನೆಯ ಹಿತ್ತಲಲ್ಲೇ ಇನ್ನೊಂದು ಮರವಿತ್ತು. ಅವಳಿಗೆ ಬೇಕಾಗಿದ್ದದ್ದು ಅಪ್ಪನ ಹೆಸರು. ‘ನಮ್ಮಪ್ಪ ಕಲ್ಲು ಕೀಳೋ ಜಾತಿಯವ್ನಲ್ಲ’ ಎಂಬ ಮಾತನ್ನು ಊರಿನ ಮುಂದೆ ಒಂದೇ ಒಂದು ಸಲ ಗೆದ್ದು ತೋರಿಸಬೇಕಿತ್ತು.

ಇದೆಲ್ಲ ನನಗೆ ಗೊತ್ತಿತ್ತು. ಆದರೆ ನಾವು ಹೋದದ್ದು ಅದಕ್ಕಲ್ಲ, ಕಾಸಿಗೆ.

ಶನಿವಾರ ಬೆಳಗ್ಗೆ ಸ್ಕೂಟರಿನಿಂದ ಮಿಷಿನ್ನು ಇಳಿಸುತ್ತಿದ್ದ ಹಾಗೆ ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಇದೇನೇ ಇದು? ವಕೀಲಿಕೆ ಓದು ಅಂತ ಕಳ್ಸಿದ್ರೆ ಕಸ ಗುಡ್ಸೋ ಕೋಲು ತಂದ್ಬುಟ್ಟಿದೀಯ?”

“ಮಿಷಿನ್ನು ಅತ್ತೆ. ಮಣ್ಣೊಳಗೆ ಕಾಸು ಎಲ್ಲಿದೆ ಅಂತ ತೋರಿಸುತ್ತೆ.”

“ಅಂಗಾರೆ ಮೊದ್ಲು ನಿಮ್ಮಪ್ಪನ ಜೇಬಿನ ಮೇಲೆ ಹಿಡಿಬೇಕಿತ್ತು ಕಣೇ. ಎಲ್ಲಿ ಬಚ್ಚಿಕ್ಕೌನೋ ಗೊತ್ತಾಗೋದು.”

ಗೆಳತಿ ನಕ್ಕಿದ್ದೇ ಅತ್ತೆಗೆ ಅವಳು ಹಿಡಿಸಿಬಿಟ್ಟಳು. ಇಬ್ಬರಿಗೂ ರಾಗಿ ರೊಟ್ಟಿ ತಿನ್ನಿಸಿ, ಕೈಗೊಂದೊಂದು ಗುದ್ದಲಿ ಕೊಟ್ಟು, ಎರಡು ಕಟ್ಟಳೆ ಹಾಕಿದಳು. “ಹಗಲೊತ್ತೇ ಅಗೀರವ್ವ. ಕತ್ಲಾದ್ಮೇಲೆ ಗುದ್ದಲಿ ಸದ್ದು ಕೇಳಿದ್ರೆ ನಿಧಿ ಕಳ್ರು ಅಂತ ಊರೇ ಎದ್ದು ಬತ್ತದೆ. ಇನ್ನೊಂದು, ತೋಡಿದ್ ಗುಂಡಿ ತೋಡಿದ್ ಕೈಲೇ ಮುಚ್ಚಬೇಕು. ನಾಳೆ ಹೊಲಕ್ಕೆ ಕುಂಟೆ ಹೊಡೆಸ್ತೀನಿ. ಎತ್ತಿನ ಕಾಲು ಗುಂಡೀಗೆ ಇಳೀತೋ, ನಿಮ್ಮಿಬ್ರುನ್ನೂ ನೊಗಕ್ಕೆ ಕಟ್ತೀನಿ.”

ನಾವು ಎರಡನ್ನೂ ತಪ್ಪದೆ ಪಾಲಿಸಿದೆವು. ಎರಡನೆಯದನ್ನು ಪಾಲಿಸದೆ ಇದ್ದಿದ್ದರೆ ಇವತ್ತು ಇದನ್ನು ಬರೆಯುವ ಅಗತ್ಯವಿರುತ್ತಿರಲಿಲ್ಲ.

ಬೆಳಗ್ಗೆಯೆಲ್ಲ ಸಿಕ್ಕಿದ್ದು ಎತ್ತಿನ ಲಾಳದ ಚೂರು, ಸೈಕಲ್ ಚೈನಿನ ತುಂಡು, ಗುಟ್ಕಾ ಚೀಟಿಗಳು, ಯಾವುದೋ ಮುಲಾಮಿನ ಟ್ಯೂಬು. ಗುಟ್ಕಾ ಚೀಟಿಯೊಳಗಿನ ಬೆಳ್ಳಿಬಣ್ಣದ ಪದರಕ್ಕೂ ಮಿಷಿನ್ನು ಕುಯ್ ಎನ್ನುತ್ತದೆ ಎಂದು ನನಗೆ ತಿಳಿದದ್ದು ಅವತ್ತೇ. ಮಧ್ಯಾಹ್ನದ ಹೊತ್ತಿಗೆ ಅಂಚು ಅಲೆಯಲೆಯಾಗಿರುವ ಹತ್ತು ಪೈಸೆ ಒಂದು, ನಡುವೆ ತೂತಿರುವ ತಾಮ್ರದ ಕಾಸು ಒಂದು ಸಿಕ್ಕವು. ಗೆಳತಿ ತೂತಿನ ಕಾಸಿನೊಳಗಿಂದ ನನ್ನನ್ನು ನೋಡಿ, “ಈಗ ನೀನು ಸ್ವಲ್ಪ ಚೆನ್ನಾಗಿ ಕಾಣ್ತಿದೀಯ” ಎಂದಳು.

ಪಕ್ಕದ ಹೊಲದ ಯಜಮಾನರು, ನಾನು ದೊಡ್ಡಪ್ಪ ಎನ್ನುವವರು, ಬೆಳಗ್ಗೆಯಿಂದ ತಮ್ಮ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಹುಲ್ಲು ಕೊಯ್ಯಲು ಬಂದವರು ಕುಡುಗೋಲನ್ನು ಪಕ್ಕಕ್ಕಿಟ್ಟು ನಮ್ಮನ್ನೇ ನೋಡುತ್ತಿದ್ದರು.

“ಏನ್ ಸಿಕ್ತ್ರಮ್ಮ? ಪಾಳೇಗಾರ್ರ ಖಜಾನೆಯಾ?”

“ಲಾಳ, ದೊಡ್ಡಪ್ಪ.”

“ಮರದತ್ರ ಸಿಕ್ಕಿದ್ರೆ ಅರ್ಧ ಲಾಳ ನಂದು ಕಣಮ್ಮ, ಮರೀಬೇಡಿ. ಕೋರ್ಟಿಗೋಯ್ತೀನಿ.”

“ಇವರ ಜೊತೆನಾ ನಿಮ್ಮತ್ತೆಗೆ ಜಗಳ?” ಎಂದು ಗೆಳತಿ ಪಿಸುಗುಟ್ಟಿದಳು. “ನನಗೇನೋ ಇವರೇ ಇಷ್ಟ ಆಗ್ತಿದಾರೆ.”

ಸಂಜೆ ಇಳಿಬಿಸಿಲಿಗೆ ಹುಣಸೆ ಮರದ ಹತ್ತಿರ ಹೋದೆವು. ಮರದ ಬುಡದಿಂದ ನಾಲ್ಕು ಹೆಜ್ಜೆ ಮೂಡಲಿಗೆ ಮಿಷಿನ್ನು ಕೂಗಿತು. ನಾಲ್ಕು ಹೆಜ್ಜೆ ಪಡುವಲಿಗೂ ಕೂಗಿತು. ಅಷ್ಟು ಹೊತ್ತಿಗೆ ನಮಗೊಂದು ಸುಲಭ ಉಪಾಯ ರೂಢಿಯಾಗಿತ್ತು. ಗುಂಡಿಯೊಳಗೆ ಕೈಯಾಡಿಸುತ್ತ ಕೂರುವ ಬದಲು, ಅಗೆದ ಮಣ್ಣನ್ನೆಲ್ಲ ಒಂದು ಕಡೆ ಗುಪ್ಪೆ ಹಾಕುವುದು, ಆಮೇಲೆ ಗುಪ್ಪೆಯ ಮೇಲೆ ಮಿಷಿನ್ನು ಆಡಿಸುವುದು. ಇಲ್ಲಿ ಎರಡು ಗುಂಡಿಗಳು ಹತ್ತಿರ ಹತ್ತಿರವೇ ಇದ್ದವಲ್ಲ, ಎರಡರ ಮಣ್ಣನ್ನೂ ಮರದ ನೆರಳಿಗೆ ಎಳೆದು ಒಂದೇ ಗುಪ್ಪೆ ಮಾಡಿದೆವು. ಒಮ್ಮೆ ನಾನು ಈ ಕಡೆ ಅಗೆದೆ, ಅವಳು ಆ ಕಡೆ. ಬೆನ್ನು ನೋಯುತ್ತದೆಂದು ಜಾಗ ಬದಲಾಯಿಸಿದೆವು. ಮತ್ತೆ ಬದಲಾಯಿಸಿದೆವು. ನಡುವೆ ಎಲ್ಲೋ ಮಣ್ಣು ಕಪ್ಪಗಾಯಿತು, ಇದ್ದಿಲಿನ ಚೂರು, ಮಡಕೆಯ ಚೂರು ಬಂದವು. ಹುಣಸೆ ಎಲೆ ಗುಡ್ಡೆ ಹಾಕಿ ಯಾರೋ ಸುಟ್ಟಿದ್ದಾರು ಎಂದುಕೊಂಡು ಅದನ್ನೂ ಗುಪ್ಪೆಗೆ ಎಳೆದೆವು. ದೊಡ್ಡಪ್ಪ ಬದುವಿನ ಮೇಲೆ ಎದ್ದು ನಿಂತದ್ದು ಆಗಲೇ. ಹೊರಡುತ್ತಾರೇನೋ ಅಂದುಕೊಂಡೆ. ಹೊರಡಲಿಲ್ಲ. ಮತ್ತೆ ತಮಾಷೆಯನ್ನೂ ಮಾಡಲಿಲ್ಲ.

ಗುಪ್ಪೆಯ ಮೇಲೆ ಮಿಷಿನ್ನು ಎರಡು ಸಲ ಕೂಗಿತು. ಒಂದು ಸಲ ಬಾಗಿಲ ಚಿಲಕದ ತುಂಡು. ಇನ್ನೊಂದು ಸಲ ಹಸಿರು ಕಿಲುಬಿನಲ್ಲಿ ಒಂದಕ್ಕೊಂದು ಕಚ್ಚಿಕೊಂಡಿದ್ದ ಎರಡು ತಾಮ್ರದ ಕಾಸು. ನಾವು ಕಿರುಚಿಕೊಂಡು ಕುಣಿದದ್ದು ನೆನಪಿದೆ. ಚಿಲಕ ಯಾವ ಗುಂಡಿಯದು, ಕಾಸು ಯಾವ ಗುಂಡಿಯದು ಎಂಬ ಪ್ರಶ್ನೆ ನಮ್ಮಿಬ್ಬರ ತಲೆಗೂ ಬರಲಿಲ್ಲ. ಗುಪ್ಪೆಯ ಮಣ್ಣನ್ನು ಎರಡೂ ಗುಂಡಿಗಳಿಗೆ ತುಂಬಿ, ತುಳಿದು, ಅತ್ತೆಯ ಮಾತು ಉಳಿಸಿದೆವು.

ಮನೆಗೆ ಬಂದರೆ ಅತ್ತೆ ಆ ಜೋಡಿ ಕಾಸನ್ನು ದೇವರ ದೀಪ ತೊಳೆಯುವ ಹಾಗೆ ಹುಣಸೆಹುಳಿಯಲ್ಲಿ ನೆನೆಹಾಕಿ ತಿಕ್ಕಿಬಿಟ್ಟಳು. ಎರಡೂ ಬಿಟ್ಟುಕೊಂಡವು, ಕೆಂಪಗೆ ಹೊಳೆದವು. ಅಂಟಿದ್ದ ಮಣ್ಣಿನ ಕೊನೆಯ ಕಣ ಬಚ್ಚಲಿಗೆ ಹೋಯಿತು.

ಭಾನುವಾರ ಸಿರಾದಲ್ಲಿ ದಾದಾ ಅವನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರು ಹಿಂದೆ ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕಿದವರು. ತಾಮ್ರವನ್ನು ಬೆರಳಿನಿಂದಲೇ ಓದುತ್ತಾರೆ.

“ಯಾರು ಇಷ್ಟು ತಿಕ್ಕಿದ್ದು?”

“ನಮ್ಮತ್ತೆ.”

“ಚೆನ್ನಾಗಿ ತಿಕ್ಕಿದಾರೆ. ಬೆಲೇನೂ ಹೋಯ್ತು, ಗುರುತೂ ಹೋಯ್ತು.” ಕಾಸುಗಳನ್ನು ಒಂದರ ಮೇಲೊಂದು ಇಟ್ಟರು. “ಹಿಂಗೆ ಅಂಟ್ಕೊಂಡಿದ್ವಾ? ಮುಖಕ್ಕೆ ಮುಖ?”

“ಹೌದು.”

“ಜೊತೆಗೆ ಇದ್ಲು ಬಂತಾ? ಮಡಕೆ ಚೂರು?”

“ಬಂತು” ಎಂದೆವು ಇಬ್ಬರೂ.

ದಾದಾನ ಅಪ್ಪ ಸರ್ವೆಯವರ ಹಿಂದೆ ಅಳತೆಯ ಸರಪಳಿ ಹಿಡಿದು ತಿರುಗಿದವರಂತೆ. “ನಮ್ಮ ಅಬ್ಬಾ ಹೇಳೋರು. ಕೆಲವು ಊರಲ್ಲಿ ಬಾಂದು ಕಲ್ಲು ನೆಡೋ ಮುಂಚೆ ಗುಂಡಿಗೆ ಇದ್ಲು ಹಾಕೋರು, ಒಡೆದ ಮಡಕೆ ಹಾಕೋರು. ಆಮೇಲೆ ಈ ಹೊಲದವನದೊಂದು ಕಾಸು, ಆ ಹೊಲದವನದೊಂದು ಕಾಸು, ಮುಖಕ್ಕೆ ಮುಖ ಇಟ್ಟು ಮುಚ್ಚೋರು. ಕಲ್ಲನ್ನ ಯಾರು ಬೇಕಾದ್ರೂ ಕಿತ್ತು ಹಾಕ್ತಾರೆ ಬೇಟಾ. ಇದ್ಲು ಕೊಳೆಯಲ್ಲ. ಕೆಳಗೆ ಇದೆ ಅಂತ ನೆನಪೂ ಯಾರಿಗೂ ಇರಲ್ಲ.” ಆಮೇಲೆ ತಲೆಯೆತ್ತಿ ಕೇಳಿದರು. “ಯಾವ ಜಾಗದಲ್ಲಿ ಸಿಕ್ತು?”

“ಮರದ ಮೂಡಲಿಗೆ” ಎಂದೆ ನಾನು.

“ಪಡುವಲಿಗೆ” ಎಂದಳು ಅವಳು. ಇಬ್ಬರ ಬಾಯಿಂದಲೂ ಒಂದೇ ಉಸಿರಿಗೆ ಬಂತು.

ದಾದಾ ನಕ್ಕರು. “ಶಾಬಾಶ್. ಇಬ್ಬರು ವಕೀಲ್ರು, ಸಾಕ್ಷಿ ಒಬ್ಬನೂ ಇಲ್ಲ.”

ನಾನು ಆ ಪದ್ಧತಿಯನ್ನೇ ಪ್ರಶ್ನಿಸಲು ಹೋದೆ. ನಿಮ್ಮ ಅಬ್ಬಾ ಹೇಳಿದ್ದು ಎಲ್ಲ ಊರಿಗೂ ಅನ್ವಯಿಸುತ್ತದೆಯೇ, ಯಾರದೋ ಗಂಟಿನಿಂದ ಬಿದ್ದ ಎರಡು ಕಾಸು ತಾವಾಗಿಯೇ ಅಂಟಿಕೊಂಡಿರಬಾರದೇಕೆ ಎಂದೆಲ್ಲ ಕೇಳಿದೆ. “ಅಂಟಿರಬಹುದು” ಎಂದರು ಅವರು ಶಾಂತವಾಗಿ. “ಹೋಗಿ ಇದ್ಲು ಎಲ್ಲಿದೆ ನೋಡ್ಕೊಂಡು ಬಾ. ಆಮೇಲೆ ವಾದ ಮಾಡು.”

ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ವಾದ ಮಾಡಿದೆವು. ಹೊಲಕ್ಕೆ ಬಂದರೆ ಅತ್ತೆ ಹೇಳಿದ್ದ ಹಾಗೆ ಕುಂಟೆ ಹೊಡೆಸಿ ಆಗಿತ್ತು, ಮರದ ಸುತ್ತಲೂ ನುಣ್ಣಗಾಗಿತ್ತು. ಎರಡೂ ಗುಂಡಿಗಳನ್ನು ಅಂದಾಜಿನಲ್ಲಿ ಹುಡುಕಿ ಮತ್ತೆ ತೆಗೆದೆವು. ಮೂಡಲ ಗುಂಡಿಯಲ್ಲಿ ಇದ್ದಿಲಿತ್ತು. ಪಡುವಲ ಗುಂಡಿಯಲ್ಲೂ ಇದ್ದಿಲಿತ್ತು. ಮಡಕೆ ಚೂರು ಅಲ್ಲಿ ಮೂರು, ಇಲ್ಲಿ ಎರಡು. ಇರದೆ ಇನ್ನೇನು, ಒಂದೇ ಗುಪ್ಪೆಯ ಮಣ್ಣನ್ನು ಎರಡಕ್ಕೂ ತುಂಬಿದವರು ನಾವೇ. ತಳದ ಗಟ್ಟಿ ಮಣ್ಣಿನಲ್ಲಾದರೂ ಏನಾದರೂ ಉಳಿದಿದೆಯೇ ಎಂದು ಉಗುರಿನಿಂದ ಕೆರೆದು ನೋಡಿದೆವು. ನಿನ್ನೆ ನಾವೇ ಅದನ್ನು ಚೊಕ್ಕಟವಾಗಿ ಕೆರೆದು ಮೇಲೆ ಹಾಕಿದ್ದೆವು.

ಆಮೇಲೆ ನಡೆದದ್ದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ನಾನು ಮೂಡಲ ಗುಂಡಿಯ ಪರ ಒಂದೊಂದೇ ಕಾರಣ ಕೊಟ್ಟೆ. ಕಪ್ಪು ಮಣ್ಣು ಬಂದಾಗ ಬಿಸಿಲು ನನ್ನ ಬೆನ್ನಿಗೆ ಬೀಳುತ್ತಿತ್ತು, ಅಂದರೆ ನನ್ನ ಮುಖ ಮೂಡಲಿಗಿತ್ತು ಎಂದೆ. ಹಾಗಿದ್ದರೆ ನೀನು ಪಡುವಲಲ್ಲಿ ನಿಂತು ಮೂಡಲಿಗೆ ನೋಡುತ್ತಿದ್ದೆ, ಗುಂಡಿ ಪಡುವಲದ್ದೇ ಎಂದಳು ಅವಳು. ಅದು ನನಗೆ ಸರಿ ಕಂಡಿತು. ಆದರೆ ಜಾಗ ಬದಲಾಯಿಸಿದ್ದು ಅದಕ್ಕಿಂತ ಮುಂಚೆಯೋ ಆಮೇಲೋ ಎಂದು ನಾನು ಕೇಳಿದೆ. ಅವಳು ತಡವರಿಸಿದಳು. ಮಾತಾಡಿದಷ್ಟೂ ನನ್ನ ಕಣ್ಣ ಮುಂದೆ ಚಿತ್ರಗಳು ಸ್ಪಷ್ಟವಾಗುತ್ತಿದ್ದವು. ಇದ್ದಿಲಿನ ಚೂರಿನ ಆಕಾರ ಕೂಡ ಕಾಣುತ್ತಿತ್ತು. ಆದರೆ ಅದು ಒಮ್ಮೆ ಮೂಡಲಲ್ಲಿ ಕಾಣುತ್ತಿತ್ತು, ಒಮ್ಮೆ ಪಡುವಲಲ್ಲಿ. ಒಂದು ಗಂಟೆಯಾದ ಮೇಲೆ ನೋಡಿಕೊಂಡರೆ ಅವಳು ಮೂಡಲು ಎನ್ನುತ್ತಿದ್ದಾಳೆ, ನಾನು ಪಡುವಲು ಎನ್ನುತ್ತಿದ್ದೇನೆ.

“ನಾವು ಯಾವಾಗ ಪಕ್ಷ ಬದಲಾಯಿಸಿದ್ವಿ?” ಎಂದಳು.



ಅತ್ತೆಗೆ ಹೇಳದೇ ಇರುವುದು ಹೇಗೆ? ಜಗಲಿಯ ಮೇಲೆ ಕಡಲೇಕಾಯಿ ಬಿಡಿಸುತ್ತ ಕೂತಿದ್ದವಳಿಗೆ ದಾದಾ ಹೇಳಿದ ಪದ್ಧತಿಯನ್ನು ಗೆಳತಿ ವಿವರಿಸಿದಳು. ಅತ್ತೆಯ ಕೈ ನಿಂತಿತು. ಮುಖ ಅರಳಿತು.

“ಅತ್ತೆ, ಅದು ಯಾವ ಗುಂಡೀದು ಅಂದ್ರೆ…” ಎಂದು ನಾನು ಶುರು ಮಾಡಿದ್ದೇ ತಡ, ಕಡಲೇಕಾಯಿ ಸಿಪ್ಪೆ ಹಿಡಿದಿದ್ದ ಕೈಯನ್ನು ನನ್ನ ಬಾಯಿಗೆ ಅಡ್ಡ ತಂದಳು.

“ನನ್ತಾವ ಹೇಳ್ಬೇಡ. ನಾಳೆ ಎಲ್ಲಾರ್ ಮುಂದೆ ಹೇಳು. ಇವ್ಳೇ ಹೇಳ್ಕೊಟ್ಟವ್ಳೆ ಅಂತ ಒಂದು ನಾಯಿ ಬೊಗಳಬಾರ್ದು. ನಂಗೊತ್ತು ಎಲ್ಲಿ ಸಿಕ್ಕೈತೆ ಅಂತ. ನಮ್ಮಪ್ಪನ್ ಕಾಸು ಅದು.”

“ಅತ್ತೆ, ನಮಗೆ ಸರಿಯಾಗಿ…”

“ಬಾಯ್ ಮುಚ್ಚು ಅಂದ್ನಲ್ಲ, ಬುಡು ಈಗ.”

ಗೆಳತಿ ಸಂಜೆಯೇ ಸಿರಾಕ್ಕೆ ಹೊರಟಳು. ಮನೆಯಲ್ಲಿ ಕಾಯುತ್ತಿದ್ದರು. ಸ್ಕೂಟರ್ ಹತ್ತುವಾಗ, “ಗೊತ್ತಿಲ್ಲ ಅಂದುಬಿಡು” ಎಂದಳು. ನಮ್ಮಿಬ್ಬರ ಜೋಡಿ ಅದುವರೆಗೆ ಒಂದು ವೇದಿಕೆಯಲ್ಲೂ ಬಳಸದ ಮಾತು ಅದು.

ಸೋಮವಾರ ಸರ್ವೇಯರ್ ಬಂದರು. ಊರಿನ ನಾಲ್ಕಾರು ಹಿರಿಯರು ಮರದ ನೆರಳಿಗೆ ಸೇರಿದರು. ದೊಡ್ಡಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡು ಒಂದು ಪಕ್ಕಕ್ಕೆ ನಿಂತಿದ್ದರು. ಸರ್ವೇಯರ್ ನಕಾಶೆ ಬಿಡಿಸಿ, “ಎರಡು ಅಳತೆ ಎರಡು ಥರ ಇದೆ. ಹಳೇ ಕಲ್ಲಿನ ಜಾಗ ಖಾತ್ರಿಯಾದ್ರೆ ಅಲ್ಲಿಂದ ಹಿಡಿತೀನಿ. ಯಾರಿಗಾದ್ರೂ ಗೊತ್ತಾ?” ಎಂದರು.

“ನನ್ ತಮ್ಮನ್ ಮಗ್ಳಿಗೆ ಗೊತ್ತು” ಎಂದಳು ಅತ್ತೆ. ಕಾಸುಗಳನ್ನು ಸೆರಗಿನಿಂದ ಬಿಚ್ಚಿ ತೋರಿಸಿದಳು. ಹಿರಿಯರಲ್ಲಿ ಒಬ್ಬರು ತಲೆಯಾಡಿಸಿ, ಹೌದು, ಹಿಂದೆ ಹಾಗೆ ಹಾಕುತ್ತಿದ್ದುದುಂಟು ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು.

“ಎಲ್ಲಿ ಸಿಕ್ತಮ್ಮ?”

“ನನಗೆ ಅಷ್ಟು ಖಚಿತವಾಗಿ…”

“ಅಂದಾಜು ಬರ್ಕೊಳ್ಳೋಕೆ ನನ್ನ ಹತ್ರ ಕಾಲಂ ಇಲ್ಲಮ್ಮ. ಮರದ ಈ ಕಡೆನೋ, ಆ ಕಡೆನೋ?”

ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ನನ್ನ ಮೊದಲ ನೆನಪು ಮೂಡಲು. ಆದರೆ ಮೂಡಲು ಎಂದರೆ ಅತ್ತೆ ಗೆಲ್ಲುತ್ತಾಳೆ, ಅತ್ತೆ ಗೆಲ್ಲಲಿ ಎಂದು ನನಗೆ ಆಸೆಯಿದೆ. ಆಸೆಯಿರುವ ಕಡೆಗೆ ನೆನಪು ವಾಲುತ್ತದೆ. ಆದ್ದರಿಂದ ಆ ನೆನಪನ್ನು ನಂಬುವಂತಿಲ್ಲ. ಇಷ್ಟರವರೆಗೆ ತರ್ಕ ಸರಿಯಾಗಿಯೇ ಇತ್ತು. ಆದರೆ ಮೂಡಲನ್ನು ನಂಬುವಂತಿಲ್ಲ ಎಂದ ಮಾತ್ರಕ್ಕೆ ಪಡುವಲು ನಿಜವಾಗುವುದಿಲ್ಲ. ಮೊದಲ ವರ್ಷದ ವಿದ್ಯಾರ್ಥಿ ವೇದಿಕೆಯ ಮೇಲೆ ಈ ತಪ್ಪು ಮಾಡಿದ್ದರೆ ನಾನೇ ಎದ್ದು ನಿಂತು ಹರಿದು ಹಾಕುತ್ತಿದ್ದೆ. ಅವತ್ತು ನಾನು ಕೈ ಎತ್ತಿ ಪಡುವಲ ಗುಂಡಿ ತೋರಿಸಿದೆ.

ಸರ್ವೇಯರ್ ದೊಡ್ಡಪ್ಪನ ಕಡೆ ನೋಡಿ, “ನೀವೇನಂತೀರಿ?” ಎಂದರು.

ದೊಡ್ಡಪ್ಪ ನನ್ನನ್ನೇ ನೋಡುತ್ತಿದ್ದರು. ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು. “ಮಗಾನೇ ಹೇಳಿದ್ಮೇಲೆ ನಂದೇನೈತೆ” ಎಂದರು.

ಅಲ್ಲಿಂದ ಅಳತೆ ಹಿಡಿದರು, ಹೊಸ ಕಲ್ಲು ನೆಟ್ಟರು. ಮರ ಅವರ ಕಡೆಗೆ ಹೋಯಿತು. ಹಿರಿಯರು ನನ್ನ ತಲೆ ಸವರಿ ಹೋದರು.

ಅತ್ತೆ ಬಯ್ಯಲಿಲ್ಲ. ಬಯ್ದಿದ್ದರೆ ನಾನು ಜಗಳವಾಡಿ, ಜಗಳದ ನಡುವೆ ನಿಜ ಒದರಿಬಿಡುತ್ತಿದ್ದೆ. ಅವಳು ಮನೆಗೆ ಬಂದು ಕೈಕಾಲು ತೊಳೆದುಕೊಂಡು, “ಅಂಗಾರೆ ನಮ್ಮಪ್ಪಾನೇ ಕಿತ್ತಿದ್ದ” ಎಂದಳು. ಅಷ್ಟೇ. ಮಾರನೆಯ ದಿನ ತಾನಾಗಿಯೇ ದೊಡ್ಡಪ್ಪನ ಮನೆ ಬಾಗಿಲಿಗೆ ಹೋಗಿ, “ಅಣ್ಣಾ, ಇಷ್ಟ್ ವರ್ಸ ನಿಮ್ಮಪ್ಪನ್ನ ಬಾಯಿಗೆ ಬಂದಂಗೆ ಅಂದೆ, ತಪ್ಪಾಯ್ತು” ಎಂದಳಂತೆ. ಈಗ ಎರಡು ಮನೆಗೂ ಹೋಗಿ ಬರುವುದಿದೆ. ಹಬ್ಬಕ್ಕೆ ಆಚೆಯಿಂದ ಒಬ್ಬಟ್ಟು ಬರುತ್ತದೆ, ಈಚೆಯಿಂದ ಕಜ್ಜಾಯ ಹೋಗುತ್ತದೆ. ಅತ್ತೆ ಯಾರಾದರೂ ಕೇಳಿದರೆ ಮುಚ್ಚುಮರೆಯಿಲ್ಲದೆ, “ನಮ್ಮಪ್ಪಂಗೆ ಮರದ್ ಮೇಲೆ ಆಸೆ ಇತ್ತು ಕಣವ್ವ, ಮನುಷ್ಯ ತಾನೇ” ಎನ್ನುತ್ತಾಳೆ. ಗೋಡೆಯ ಮೇಲಿದ್ದ ತಾತನ ಫೋಟೋ ಅಲ್ಲೇ ಇದೆ. ಅದರ ಕೆಳಗೆ ಕೂತು ಅವಳು ಈ ಮಾತು ಹೇಳುವಾಗ ನಾನು ಎದ್ದು ಹೊರಗೆ ಹೋಗುತ್ತೇನೆ.

ತಾತ ಕಲ್ಲು ಕಿತ್ತಿದ್ದಿರಬಹುದು. ಕೀಳದೆಯೂ ಇರಬಹುದು. ಅವನನ್ನು ಕಳ್ಳನನ್ನಾಗಿ ಮಾಡಿದ್ದು ಇದ್ದಿಲಲ್ಲ, ಕಾಸಲ್ಲ, ನ್ಯಾಯವಾಗಿ ಕಾಣಬೇಕೆಂಬ ನನ್ನ ಆತುರ. ಇದನ್ನು ಗೆಳತಿಗೆ ಫೋನಿನಲ್ಲಿ ಹೇಳಿದೆ. “ಆದ್ರೆ ನೀನು ಹೇಳಿದ್ದು ಸರಿಯೂ ಇರಬಹುದಲ್ಲ” ಎಂದಳು. ಹೌದು, ಇರಬಹುದು. ಅದೇ ನನಗೆ ನಿದ್ದೆ ಕೊಡದ ವಿಷಯ. ತಪ್ಪು ಎಂದು ಗೊತ್ತಾದರೆ ಅತ್ತೆಯ ಕಾಲಿಗೆ ಬೀಳಬಹುದು. ಸರಿ ಎಂದು ಗೊತ್ತಾದರೆ ಅಮ್ಮನ ಬಸ್ಸಿನ ಕಥೆಯನ್ನು ಸಹಿಸಿಕೊಳ್ಳಬಹುದು. ನನಗೆ ಎರಡೂ ಇಲ್ಲ. ಈಗ ಬಾಯಿ ಬಿಟ್ಟರೆ ತಾತನ ಹೆಸರು ಅರ್ಧ ತಿರುಗಿ ಬರುತ್ತದೆ, ಅತ್ತೆಗೂ ದೊಡ್ಡಪ್ಪನಿಗೂ ಕೂಡಿಬಂದ ಅಣ್ಣ-ತಂಗಿ ನಂಟು ಪೂರ್ತಿ ಮುರಿಯುತ್ತದೆ. ಈ ಲೆಕ್ಕದಲ್ಲಿ ಯಾವ ಪಕ್ಷ ಹಿಡಿಯಬೇಕೆಂದು ಯಾರೂ ನನಗೆ ಕಲಿಸಲಿಲ್ಲ.

ಹುಣಸೆ ಬಡಿಯುವ ದಿನ ನಾನು ಅತ್ತೆಯ ಮನೆಯಲ್ಲೇ ಇದ್ದೆ. “ಅಣ್ಣಂಗೆ ಮಜ್ಜಿಗೆ ಕೊಟ್ಬಾ” ಎಂದು ಅತ್ತೆ ಚೊಂಬು ಕೈಗಿತ್ತಳು. ದೊಡ್ಡಪ್ಪ ಒಬ್ಬರೇ ಮರದ ಕೆಳಗೆ ಕೂತು ಬಿದ್ದ ಕಾಯಿ ಆರಿಸುತ್ತಿದ್ದರು. ಬಡಿಯುವವರು ಊಟಕ್ಕೆ ಹೋಗಿದ್ದರು. ನಾನು ಚೊಂಬು ಕೊಟ್ಟೆ. ಅವರು ಎತ್ತಿ ಕುಡಿದು, ಮೀಸೆ ಒರೆಸಿಕೊಂಡು, “ಕೂತ್ಕೊ ಮಗ, ಯಾಕ್ ನಿಂತೆ?” ಎಂದರು.

ನಾನು ಕೂರಲಿಲ್ಲ. ನಾನೂ ಗೆಳತಿಯೂ ಬಗ್ಗಿ ಅಗೆಯುತ್ತಿದ್ದಾಗ ತಲೆಯೆತ್ತಿ ನೋಡುತ್ತಿದ್ದವರು ಇವರೊಬ್ಬರೇ. ಇದ್ದಿಲಿಗೆ ಏನರ್ಥ ಎಂದು ಅಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದೂ ಇವರಿಗೇ. ನಾನು ತಪ್ಪು ಗುಂಡಿ ತೋರಿಸಿದ್ದರೆ ಇವರು ಮರಕ್ಕಾಗಿ ಸುಮ್ಮನಿದ್ದರು ಎಂದಾಯಿತು. ಸರಿ ತೋರಿಸಿದ್ದರೆ, ಇಷ್ಟು ವರ್ಷ ಜಗಳವಾಡಿದ ಮನುಷ್ಯ ಗೆದ್ದ ದಿನವೂ ಅಷ್ಟು ಸಣ್ಣ ದನಿಯಲ್ಲಿ ಯಾಕೆ ಮಾತಾಡಿದರು? ಎರಡನ್ನೂ ವಾದಿಸಬಲ್ಲೆ. ಅವತ್ತು ನನಗೆ ವಾದ ಬೇಕಿರಲಿಲ್ಲ.

“ದೊಡ್ಡಪ್ಪ,” ಎಂದೆ, “ಆ ಶನಿವಾರ ಇದ್ಲು ಮೇಲೆ ಬಂದಾಗ ನೀವು ಎದ್ದು ನಿಂತ್ರಲ್ಲ, ಅದು ಯಾವ ಗುಂಡಿಯಿಂದ ಬಂತು?”